ಹೆಸರು ಹೇಳದ ಉದಾಹರಣೆ

ಗೋಡೆಯ ಮೇಲೆ ಮೂಡಿದ್ದ ಚಿತ್ರದಲ್ಲಿ ವರ್ಷ ತುಂಬದ ಕೂಸೊಂದು ಬಿಳಿ ಇಲಿಯ ಕಡೆ ಕೈಚಾಚಿತ್ತು.

“ಈ ಕೂಸು ಆಲ್ಬರ್ಟ್ ಮೊದಲಿಗೆ ಇಲಿಗೆ ಅಂಜತಿರಲಿಲ್ಲ,” ಎಂದರು ನಿರ್ಮಲಾ ಮೇಡಂ. “ಅದು ಇಲಿ ಮುಟ್ಟಿದಾಗ ವ್ಯಾಟ್ಸನ್ ಅನ್ನೋ ಮನಶಾಸ್ತ್ರಜ್ಞ ಅದರ ಬೆನ್ನ ಹಿಂದ ಕಬ್ಬಿಣದ ಸಳಿ ಢಣ್ ಅಂತ ಬಡಿದ. ಆಮ್ಯಾಲೆ ಇಲಿ ಕಂಡರ ಸಾಕು, ಕೂಸು ಅಳೂದು. ಅಂಜಿಕಿ ಕಲಿಸಿದರ ಬರತೈತಿ ಅಂತ ಅವ ತೋರಿಸಿದ.”

ರೋಣದ ಬಿ.ಎಡ್. ಕಾಲೇಜಿನಲ್ಲಿ ಅಂದು ವಿಚಾರ ಸಂಕಿರಣ. ನರಗುಂದ, ಗದಗದಿಂದೆಲ್ಲ ಅಧ್ಯಾಪಕರು ಬಂದಿದ್ದರು. ಎರಡನೆಯ ಸಾಲಿನಲ್ಲಿದ್ದ ವಿದ್ಯಾರ್ಥಿನಿ ಮಧುಮತಿ ತನ್ನ ಮನೆಯವರೇ ಮಾತಾಡುತ್ತಿರುವಂತೆ ಬೀಗುತ್ತಿದ್ದಳು. ಪಾವ್ಲೋವ್, ಪಿಯಾಜೆ, ಫ್ರಾಯ್ಡ್ ಎಂಬ ಹೆಸರುಗಳಿಗೆ ಜೀವ ಬಂದಿದ್ದೇ ಈ ಮೇಡಂ ಪಾಠದಿಂದ.

“ಇನ್ನ ನಮ್ಮ ಸೀಮಿದ ಒಂದು ಉದಾಹರಣಿ.” ಗೋಡೆಯ ಮೇಲೆ ಮಗ್ಗವೊಂದು ಮೂಡಿತು. “ಗಜೇಂದ್ರಗಡದ ನೇಕಾರರ ಮನಿ ಹುಡುಗಿ. ಹೆಸರು ಬ್ಯಾಡ. ಅಪ್ಪ ಒಳಗ ಅವ್ವನ್ನ ಬಡಿಯುವಾಗ ಅಜ್ಜಿ ಹೊರಗ ಮಗ್ಗ ಜೋರ ಹೊಡೀತಿದ್ಲು, ಚೀರಿದ್ದು ಓಣಿಗೆ ಕೇಳಬಾರದಂತ. ಇವತ್ತಿಗೂ ಮಗ್ಗದ ಸಪ್ಪಳ ಕೇಳಿದರ ಆ ಹುಡುಗಿ ಕೈಕಾಲು ತಣ್ಣಗಾಗತಾವ.”

ಮುಂದಿನ ಸಾಲಿನಲ್ಲಿದ್ದ ಸಹಪಾಠಿ ಮಹೇಶ್ವರಿ ತಿರುಗಿ ಮಧುಮತಿಯತ್ತ ನೋಡಿದಳು. ಅವಳೂ ಗಜೇಂದ್ರಗಡದವಳು, ಮಧುಮತಿಯ ಓಣಿಯವಳೇ. ನೋಡಿದವಳು ತಟ್ಟನೆ ಮುಖ ತಿರುಗಿಸಿಕೊಂಡಳು.

ಕೆಲವು ತಿಂಗಳ ಹಿಂದೆ ಪಾಠಾಭ್ಯಾಸಕ್ಕೆಂದು ಹೋದ ಶಾಲೆಯ ಪಕ್ಕದಲ್ಲಿ ಮಗ್ಗದ ಸದ್ದಾಗಿ ಮಧುಮತಿ ನಡುಗಿ ಕೂತಿದ್ದಾಗ ಮೇಡಂ ತಮ್ಮ ಕೋಣೆಗೆ ಕರೆದೊಯ್ದು ಬಾಗಿಲು ಮುಚ್ಚಿದ್ದರು. “ಎಲ್ಲಾ ಹೇಳು ತಂಗಿ, ಈ ಖೋಲಿ ದಾಟೂದಿಲ್ಲ,” ಎಂದಿದ್ದರು. ಅವರ ಮಡಿಲಲ್ಲಿ ಅತ್ತು ಬಂದ ದಿನ ಅವಳಿಗೆ ಹಸಿವಾಗಿತ್ತು, ಎರಡು ರೊಟ್ಟಿ ಹೆಚ್ಚೇ ತಿಂದಿದ್ದಳು.

ಸಭೆ ಮುಗಿದದ್ದೇ ವರಾಂಡದಲ್ಲಿ ಅಡ್ಡ ನಿಂತಳು. “ಖೋಲಿ ದಾಟೂದಿಲ್ಲ ಅಂದಿದ್ರಲ್ರಿ, ಮೇಡಂ?”

“ನಿನ್ನ ಹೆಸರ ನಾ ಎಲ್ಲೆ ತಗೊಂಡೆ? ದೊಡ್ಡ ದೊಡ್ಡವರೆಲ್ಲ ಹಿಂಗ ಮಂದಿ ಕಥಿ ಬರದಾ ಶಾಸ್ತ್ರ ಕಟ್ಟಿದ್ದು. ನೀ ಓದಿದಾಕಿ, ನಿನಗ ತಿಳೀಬೇಕು.”

“ಆ ಕೂಸಿನ ಅಂಜಿಕಿ ಬಿಡಿಸಿದ್ರೇನ್ರಿ ಕಡೀಕ?”

“ಇಲ್ಲ... ಅದನ್ನ ಅದರ ತಾಯಿ ಕರಕೊಂಡ ಹೋದ್ಲು.” ಅಷ್ಟರಲ್ಲಿ ಯಾರೋ ಫೋಟೋಕ್ಕೆ ಕರೆದರು. ಮೇಡಂ ಸೆರಗು ಸರಿಮಾಡಿಕೊಂಡು ನಗುತ್ತ ಹೋದರು.

ಮಧುಮತಿ ಹತ್ತಿದ ಗಜೇಂದ್ರಗಡದ ಬಸ್ಸಿಗಿಂತ ಮೊದಲೇ ಸುದ್ದಿ ಮನೆ ಮುಟ್ಟಿತ್ತು. ಅವ್ವ ಸಾವಕ್ಕ ಪಡಸಾಲೆಯಲ್ಲಿ ನೂಲು ಸುತ್ತುತ್ತಿದ್ದಳು. ತಲೆ ಎತ್ತಲಿಲ್ಲ.

“ಯಾರ ಮುಂದ ಹೇಳಿದೆ?”

“ಮೇಡಂ ಒಬ್ಬರ ಮುಂದ, ಯವ್ವಾ. ಅವರು ಮೋಸ ಮಾಡಿದ್ರು.”

“ಆಕಿ ಯಾರೋ ನನಗೇನ ಗೊತ್ತು? ನಿನಗ ಗೊತ್ತಿತ್ತಲ್ಲ. ತವರಮನ್ಯಾಗ ಸೈತ ನಾ ಬಾಯಿ ಬಿಟ್ಟಿಲ್ಲ. ನಿಮ್ಮಪ್ಪ ಸತ್ತಾಗ ಓಣಿ ಮಂದಿ ‘ದೇವರಂಥಾ ಮನಶ್ಯಾ’ ಅಂದ್ರು. ಹೌದ್ರಿ ಅಂದೆ. ಹಂಗ ಅಂದಕೋತ ಬಾಳೇ ಮಾಡೇನಿ.”

“ಅದು ನಂದೂ ಹೌದಲ್ಲಾ, ಯವ್ವಾ? ನಾನೂ ಅಲ್ಲೇ ಇದ್ದೆ. ಬಾಗಲ ಹಿಂದ.”

ಸಾವಕ್ಕನ ಕೈ ನಿಂತಿತು. ಬಾಗಿಲ ಹಿಂದೆ ಮಗಳಿದ್ದಳೆಂಬುದು ಅವಳಿಗೆ ಇಂದಿನವರೆಗೂ ತಿಳಿದಿರಲಿಲ್ಲ. ನೂಲು ಬದಿಗಿಟ್ಟು ಎದ್ದು ಒಳಗೆ ಹೋದಳು.

ಬಹಳ ಹೊತ್ತಿನ ಮೇಲೆ ಮಗಳಿಗೆ ಕಾಲು ತೊಳೆಯಲೆಂದು ಚರಿಗೆಯಲ್ಲಿ ನೀರು ತಂದು ಹೊಸ್ತಿಲ ಬಳಿ ಇಟ್ಟಳು. ಹೊರಗಿನವರು ಬಂದಾಗ ಮಾಡುವಂತೆ, ಸೆರಗನ್ನು ತಲೆಯ ಮೇಲೆ ಹಣೆಯವರೆಗೂ ಎಳೆದುಕೊಂಡಿದ್ದಳು.