ಹದಿನಾಲ್ಕನೆಯ ಪಾಠದ ವಾರಸುದಾರರು

ಪುಸ್ತಕ ಕೈಗೆ ಬಂದಾಗ ಟೀಚರ್ ಮೊದಲು ನೋಡಿದ್ದು ಹಿಂಬದಿಯ ಫೋಟೋ. ಕೋಟು ತೊಟ್ಟು, ಗಲ್ಲಕ್ಕೆ ಬೆರಳು ಕೊಟ್ಟು, ಜಗತ್ತಿನ ಚಿಂತೆಯೆಲ್ಲ ತನ್ನ ತಲೆಯ ಮೇಲೇ ಬಿದ್ದಿದೆ ಎಂಬಂತೆ ಕೂತಿದ್ದ ಸಂಜೆ ಶಾಲೆಯ ಡೈರೆಕ್ಟರ್. ಒಳಗೆ ತೆರೆದರೆ ಅವಳದೇ ಪಾಠಗಳು. ದುಡಿದು ದಣಿದು ಬರುವ ದೊಡ್ಡವರಿಗೆ ಹನ್ನೊಂದು ವರ್ಷ ಇಂಗ್ಲಿಷ್ ಕಲಿಸುತ್ತ ಅವಳು ತುಂಬಿಸಿದ್ದ ಆರು ನೋಟುಬುಕ್ಕುಗಳು, ಒಂದು ಅಲ್ಪವಿರಾಮವೂ ಆಚೀಚೆಯಾಗದೆ ಅಚ್ಚಾಗಿದ್ದವು. ಹೊಸ ಶಿಕ್ಷಕರಿಗೆ ಜೆರಾಕ್ಸ್ ಮಾಡಿಸಿಕೊಡುತ್ತೇನೆ ಎಂದು ಆತ ಕೇಳಿ ಒಯ್ದು, ಆಮೇಲೆ ಹಿಂದಿರುಗಿಸಿದ್ದ. ಮುನ್ನುಡಿಯಲ್ಲಿ ಹೆಂಡತಿಗೆ, ಅಚ್ಚು ಹಾಕಿದವನಿಗೆ, ಕೊನೆಗೆ ಮನೆಯ ನಾಯಿಗೂ ಕೃತಜ್ಞತೆ ಇತ್ತು. ಅವಳ ಹೆಸರು ಎಲ್ಲೂ ಇರಲಿಲ್ಲ.

ಹೋಗಿ ಕೇಳಿದಳು.

"ನೀವು ಪಾಠ ಮಾಡೋರು ಮೇಡಂ. ಪುಸ್ತಕ ಅಂದ್ರೆ ಬೇರೇನೇ ಕೆಲಸ, ನಿಮಗೆ ಗೊತ್ತಾಗಲ್ಲ," ಎಂದ ಆತ. "ಅಷ್ಟಕ್ಕೂ ವ್ಯಾಕರಣ ಯಾರಪ್ಪನ ಮನೆ ಸ್ವತ್ತು ಹೇಳಿ."

ಅವಳು ಹಲ್ಲು ಕಚ್ಚಿಕೊಂಡು ಹೊರಬಂದಳು. ಮನೆಯಲ್ಲಿ ಗಂಡನಿಗೂ ಹೇಳಲಿಲ್ಲ. ಹೇಳಿದರೆ ಆತ ಸಮಾಧಾನ ಮಾಡುತ್ತಾನೆ. ಅವಳಿಗೆ ಸಮಾಧಾನ ಬೇಕಿರಲಿಲ್ಲ, ಆ ಮನುಷ್ಯ ನಾಲ್ಕು ಜನರ ಎದುರು ತಲೆ ತಗ್ಗಿಸುವುದನ್ನು ಕಣ್ಣಾರೆ ನೋಡಬೇಕಿತ್ತು.

ಎರಡು ತಿಂಗಳಲ್ಲಿ ಆ ಕಾಲ ತಾನಾಗಿ ಬಂತು. ಹತ್ತಾರು ಶಾಲೆ ನಡೆಸುವ ಸಂಸ್ಥೆಯೊಂದು ಈ ಪುಸ್ತಕವನ್ನು ಪಠ್ಯ ಮಾಡಲು ಹೊರಟಿತ್ತು. ಅದಕ್ಕೆ ಮುಂಚೆ ಲೇಖಕರೇ ಒಂದು ಪಾಠ ಮಾಡಲಿ, ಬಂದು ಕೂತು ನೋಡುತ್ತೇನೆ ಎಂದು ಅದರ ಅಧ್ಯಕ್ಷೆ ಹೇಳಿ ಕಳಿಸಿದ್ದರು. ನಮ್ಮ ಲೇಖಕರು ಚಾಕ್‌ಪೀಸ್ ಮುಟ್ಟಿ ಒಂಬತ್ತು ವರ್ಷವಾಗಿತ್ತು.

"ಹದಿನಾಲ್ಕನೇ ಪಾಠ ತಗೋತೀನಿ. ಅದೇ ಚೆನ್ನಾಗಿರೋದು," ಎಂದ ಡೈರೆಕ್ಟರ್. "ಒಳ್ಳೇ ಒಂಬತ್ತು ಜನರನ್ನ ನೋಡಿ ಕೂರಿಸಿ ಮೇಡಂ."

"ಆಗಲಿ ಸರ್," ಎಂದಳು. ಇಷ್ಟು ವಿನಯವಾಗಿ ಅವಳು ಹುಟ್ಟಿದಾಗಿನಿಂದ ಮಾತಾಡಿರಲಿಲ್ಲ.

ಹದಿನಾಲ್ಕನೆಯದು ಪಾಸ್ಟ್ ಪರ್ಫೆಕ್ಟ್. ಆಗಿಹೋದ ಎರಡು ಸಂಗತಿಗಳಲ್ಲಿ ಮುಂಚೆ ಆದದ್ದಕ್ಕೆ ಒಂದು 'ಹ್ಯಾಡ್' ಸೇರಿಸಿ ಹೇಳುವ ಪಾಠ. ಎಲ್ಲ ವ್ಯಾಕರಣ ಪುಸ್ತಕಗಳಲ್ಲೂ ಇದಕ್ಕೆ ಒಂದೇ ಉದಾಹರಣೆ: ನಾನು ನಿಲ್ದಾಣ ತಲುಪುವಷ್ಟರಲ್ಲಿ ರೈಲು ಹೊರಟುಹೋಗಿತ್ತು. ಆ ರೈಲು ಅದೆಷ್ಟು ವರ್ಷದಿಂದ ಹೊರಡುತ್ತಿದೆಯೋ, ಒಬ್ಬ ಪುಣ್ಯಾತ್ಮನಿಗೂ ಸಿಕ್ಕಿಲ್ಲ. ಟೀಚರ್ ರೈಲನ್ನು ಕೈಬಿಟ್ಟು ವಿದ್ಯಾರ್ಥಿಗಳನ್ನೇ ಕೇಳುತ್ತಿದ್ದಳು: "ನೀವು ಹೋಗೋಷ್ಟರಲ್ಲಿ ಏನು ಆಗಿಹೋಗಿತ್ತು?" ಎಲ್ಲರ ಬದುಕಿನಲ್ಲೂ ಅವರು ಹೋಗುವಷ್ಟರಲ್ಲಿ ಏನೋ ಒಂದು ಆಗಿಹೋಗಿರುತ್ತದೆ. ಅವರು ಹೇಳುತ್ತಿದ್ದರು, ಅವಳು ಇಂಗ್ಲಿಷಿಗೆ ಕೂರಿಸಿ ಬರೆದುಕೊಳ್ಳುತ್ತಿದ್ದಳು, ಪಕ್ಕದ ಅಂಚಿನಲ್ಲಿ ಹೇಳಿದವರ ಹೆಸರು, ತಾರೀಖು. ಡೈರೆಕ್ಟರ್ ಅಂಚು ಬಿಟ್ಟು ಮಿಕ್ಕಿದ್ದನ್ನು ಟೈಪ್ ಮಾಡಿಸಿದ್ದ.

ಹಳೆಯ ನೋಟುಬುಕ್ಕಿನಿಂದ ಅವಳು ಒಂಬತ್ತು ಹೆಸರು ಆರಿಸಿದಳು. ಒಬ್ಬೊಬ್ಬರನ್ನೂ ಹುಡುಕಿಕೊಂಡು ಹೋಗಿ ಪುಸ್ತಕ ತೋರಿಸಿ, "ಒಂದು ಸಂಜೆ ಬನ್ನಿ. ನಿಮ್ಮ ವಾಕ್ಯ ಬಂದ್ರೆ ಎದ್ದು ನಿಂತು ನಂದು ಅನ್ನಿ, ಸಾಕು," ಎಂದಳು. ಅವರಲ್ಲೊಬ್ಬ ಬಸ್ ಡ್ರೈವರ್ ತನ್ನ ಪುಟವನ್ನು ಬಹಳ ಹೊತ್ತು ನೋಡಿದ. ಆಮೇಲೆ ಎಷ್ಟು ಗಂಟೆಗೆ ಎಂದಷ್ಟೇ ಕೇಳಿದ.

ಆ ಸಂಜೆ ಅಧ್ಯಕ್ಷೆ ಮುಂದಿನ ಬೆಂಚಿನಲ್ಲಿ, ಆ ಒಂಬತ್ತು ಜನ ನಡುವಿನ ಬೆಂಚುಗಳಲ್ಲಿ, ಟೀಚರ್ ಕೊನೆಯ ಬೆಂಚಿನಲ್ಲಿ ಕೂತರು. ಡೈರೆಕ್ಟರ್ ಪುಸ್ತಕ ನೋಡಿಕೊಂಡು ಬೋರ್ಡಿನ ಮೇಲೆ ಮೂರು ವಾಕ್ಯ ಬರೆದ. ಡಾಕ್ಟರು ಬರುವಷ್ಟರಲ್ಲಿ ಮಗು ಹುಟ್ಟಿತ್ತು. ಕಳ್ಳ ಬರುವಷ್ಟರಲ್ಲಿ ನಾನು ನಿದ್ದೆ ಹೋಗಿದ್ದೆ. ನಾನು ಆಸ್ಪತ್ರೆ ತಲುಪುವಷ್ಟರಲ್ಲಿ ಅಮ್ಮ ಹೋಗಿಬಿಟ್ಟಿದ್ದಳು.

"ಉದಾಹರಣೆಗಳು ತುಂಬ ಚೆನ್ನಾಗಿವೆ," ಎಂದರು ಅಧ್ಯಕ್ಷೆ. "ಎಲ್ಲಿಂದ ತಂದ್ರಿ?"

ಹೊಗಳಿಕೆ ಆತನ ತಲೆಗೇರಿತು. "ಎಲ್ಲಿಂದಲೂ ಇಲ್ಲ, ನನ್ನ ಜೀವನದ್ದೇ. ಈ ಕೊನೇದನ್ನ ಬರೆಯುವಾಗಂತೂ ಕೈ ನಡುಗ್ತಿತ್ತು," ಎಂದು ಕರ್ಚೀಫು ತೆಗೆದು ಕಣ್ಣಿಗೊತ್ತಿಕೊಂಡ.

ಆತನ ತಾಯಿ ಗುಂಡುಕಲ್ಲಿನ ಹಾಗಿದ್ದರು. ದಿನಾ ಆಫೀಸಿಗೆ ಫೋನ್ ಮಾಡಿ ಮಗನ ಊಟ ಆಯಿತೇ ಎಂದು ವಿಚಾರಿಸುತ್ತಿದ್ದರು. ಇಷ್ಟನ್ನು ಟೀಚರ್ ಲೆಕ್ಕ ಹಾಕಿರಲಿಲ್ಲ. ಅವಳು ತೋಡಿದ್ದು ಮೊಣಕಾಲುದ್ದದ ಗುಂಡಿ, ಆತ ತಾನೇ ಇಳಿದು ಆಳ ಮಾಡಿಕೊಳ್ಳುತ್ತಿದ್ದ.

ಡ್ರೈವರ್ ಎದ್ದು ನಿಂತ.

"ಸರ್, ಅದು ನಮ್ಮಮ್ಮ."

ಡೈರೆಕ್ಟರ್ ಕರ್ಚೀಫು ಹಿಡಿದ ಕೈ ಹಾಗೇ ಉಳಿಯಿತು.

"ಅವತ್ತು ಬದಲಿ ಡ್ರೈವರ್ ಸಿಗೋಕೆ ನಲವತ್ತು ನಿಮಿಷ ಆಯ್ತು. ಬಸ್ ಬಿಟ್ಟು ಬರೋ ಹಾಗಿರಲಿಲ್ಲ. ಇದನ್ನ ನಾನು ಟೀಚರ್ ಒಬ್ಬರಿಗೇ ಹೇಳಿದ್ದು. ನಿಮಗೆ ಯಾವತ್ತೂ ಹೇಳಿಲ್ಲ."

ನರ್ಸ್ ಎದ್ದಳು. "ಆ ಹೆರಿಗೆ ಮಾಡಿಸಿದ್ದು ನಾನು. ಸರ್ ಅಲ್ಲಿರಲಿಲ್ಲ."

"ನಿದ್ದೆ ಹೋಗಿದ್ದು ನಾನು," ಎಂದ ವಾಚ್‌ಮನ್. "ಅದರಿಂದ ಕೆಲಸಾನೇ ಹೋಯ್ತು. ಅದನ್ನೂ ನೀವೇ ಇಟ್ಕೊಳ್ಳೋದಾದ್ರೆ ಇಟ್ಕೊಳ್ಳಿ."

ಯಾರೂ ನಗಲಿಲ್ಲ. ಮಿಕ್ಕವರೂ ಒಬ್ಬೊಬ್ಬರಾಗಿ ಎದ್ದು, ಪುಸ್ತಕದಲ್ಲಿದ್ದ ತಮ್ಮ ತಮ್ಮ ವಾಕ್ಯ ಹೇಳಿ ನಂದು ಎಂದರು. ಅಧ್ಯಕ್ಷೆ ಕನ್ನಡಕ ತೆಗೆದು, "ಹಾಗಾದ್ರೆ ಈ ಪುಸ್ತಕ ಬರೆದೋರು ಯಾರು?" ಎಂದು ಕೇಳಿದರು.

"ಮೇಡಂ ಸ್ವಲ್ಪ ಸಹಾಯ ಮಾಡಿದ್ರು. ಮುಂದಿನ ಮುದ್ರಣದಲ್ಲಿ ಅವರ ಹೆಸರೂ—"

ಟೀಚರ್ ಎದ್ದು ಬಂದು ಆರೂ ನೋಟುಬುಕ್ಕುಗಳನ್ನು ಅಧ್ಯಕ್ಷೆಯ ಮುಂದಿಟ್ಟಳು. ಅವರು ಒಂದೊಂದೇ ಪುಟ ತಿರುವಿ, ಅಂಚಿನ ಹೆಸರುಗಳನ್ನು ಓದಿ, ನಿಂತಿದ್ದವರ ಮುಖ ನೋಡತೊಡಗಿದರು. ಟೀಚರ್ ಹೊಸ ಚಾಕ್‌ಪೀಸ್ ಒಂದನ್ನು ತೆಗೆದು ಡೈರೆಕ್ಟರ್ ಕೈಗೆ ಕೊಟ್ಟಳು.

"ಬರೀರಿ ಸರ್. ಎರಡು ಸಂಗತಿ ಇವೆ. ಯಾವುದು ಮೊದಲು ಆಗಿತ್ತೋ ಅದನ್ನ ಸರಿಯಾಗಿ ಬರೀರಿ." ಹೊಸದಾಗಿ ಸೇರಿದವರಿಗೆ ಹೇಳುವಷ್ಟೇ ಮೆಲ್ಲಗೆ ಹೇಳಿದಳು.

"ಮೇಡಂ, ಬಿಟ್ಟುಬಿಡಿ. ನನ್ನ ಮರ್ಯಾದೆ," ಎಂದ ಆತ ಅವಳಿಗಷ್ಟೇ ಕೇಳುವಂತೆ.

ಅವಳು ತನ್ನೊಳಗೆ ಒಂದಿಷ್ಟಾದರೂ ಕರುಣೆ ಇದೆಯೇ ಎಂದು ನಿಜವಾಗಿ ಹುಡುಕಿದಳು. ಇರಲಿಲ್ಲ. ಅದಕ್ಕೆ ನಾಚಿಕೆಯೂ ಆಗಲಿಲ್ಲ.

"ಬರೀರಿ."

ಆತ ಅಧ್ಯಕ್ಷೆಯ ಕಡೆ ನೋಡಿದ. ಅವರು ಕಾಯುತ್ತಿದ್ದರು. ಎರಡು ಸಲ ಅಳಿಸಿ, ಮೂರನೆಯ ಸಲಕ್ಕೆ ಇಂಗ್ಲಿಷಿನಲ್ಲಿ ಬರೆದ: ನಾನು ನನ್ನ ಹೆಸರು ಹಾಕಿಕೊಳ್ಳುವ ಮೊದಲೇ ಟೀಚರ್ ಈ ಪುಸ್ತಕವನ್ನು ಬರೆದಿದ್ದರು.

ತಪ್ಪೇನೂ ಇರಲಿಲ್ಲ. ಟೀಚರ್ ಪಕ್ಕದಲ್ಲಿ ದೊಡ್ಡದಾಗಿ ಸರಿ ಗುರುತು ಹಾಕಿದಳು. ಅವಳ ತರಗತಿಯಲ್ಲಿ ಬೋರ್ಡಿಗೆ ಬಂದ ವಾಕ್ಯವನ್ನು ಎಲ್ಲರೂ ಗಟ್ಟಿಯಾಗಿ ಹೇಳುವುದು ವಾಡಿಕೆ, ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನರ್ಸ್ ಶುರು ಮಾಡಿದಳು, ಒಂಬತ್ತೂ ಜನ ದನಿಗೂಡಿಸಿದರು. ಎರಡನೆಯ ಸಲ ಅಧ್ಯಕ್ಷೆಯ ತುಟಿಯೂ ಆಡಿತು. ಡೈರೆಕ್ಟರ್ ಬೋರ್ಡಿನ ಕಡೆಗೆ ಮುಖ ಮಾಡಿ ಸುಮ್ಮನೆ ನಿಂತಿದ್ದ.

"ಇನ್ನೊಂದು ಸಲ," ಎಂದಳು ಟೀಚರ್. "ಸರ್ ಒಬ್ಬರು ಹೇಳಲಿಲ್ಲ."