ಬುಧವಾರದ ದಾರಿ

"ನೀವು ಬಿಡಿ," ಎಂದು ತಪಾಸಕರು ಸ್ಟ್ರೆಚರಿನ ಹಿಡಿಯಿಂದ ಆ ಮನುಷ್ಯನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. "ಮನೆಯವರು ಇದ್ದೀವಿ."

ಆ ಲಿಫ್ಟ್ ಮೆಕ್ಯಾನಿಕ್ ಹಿಂದೆ ಸರಿದ. ಅವನ ಜಾಗಕ್ಕೆ ತಪಾಸಕರ ತಮ್ಮ ಬಂದ. ಇಕ್ಕಟ್ಟಾದ ಮೆಟ್ಟಿಲುಗಳಲ್ಲಿ ಸ್ಟ್ರೆಚರನ್ನು ಓರೆ ಮಾಡಿ ಇಳಿಸುವಾಗ ಕೆಳಗೆ ನಿಂತಿದ್ದವರು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು. ಎಲ್ಲರ ಕಾಲಲ್ಲೂ ಮಣ್ಣು ಮೆತ್ತಿದ ಬೂಟು. ಅವರಲ್ಲಿ ಮೆಕ್ಯಾನಿಕ್‌ನ ಹೊರತು ಯಾರ ಮುಖವನ್ನೂ ತಪಾಸಕರು ಮೊದಲು ಕಂಡಿರಲಿಲ್ಲ. ಅವನ ಮುಖವನ್ನಾದರೂ ಕಂಡದ್ದು ನಿನ್ನೆ, ಆಸ್ಪತ್ರೆಯಲ್ಲಿ. ಅವರೆಲ್ಲ ಸ್ಟ್ರೆಚರಿನ ಮೇಲಿದ್ದ ತಪಾಸಕರ ಹೆಂಡತಿಯನ್ನು 'ಡಬ್ಬಿ ಅಕ್ಕ' ಎಂದು ಕರೆದು ಅಳುತ್ತಿದ್ದರು.

ತಪಾಸಕರು ಜೀವಮಾನವೆಲ್ಲ ಬಸ್ಸು ಹತ್ತಿ ಇಳಿದು ಟಿಕೆಟ್ ನೋಡಿದವರು. ಟಿಕೆಟ್ ಕಳೆದುಕೊಂಡವನು ಜೇಬು ತಡಕುತ್ತಾನೆ. ಕೊಳ್ಳದೇ ಇದ್ದವನು ಕಿಟಕಿಯಾಚೆ ನೋಡುತ್ತಾನೆ. ಮೆಕ್ಯಾನಿಕ್ ಬೆಳಗಿನಿಂದ ಕಿಟಕಿಯಾಚೆ ನೋಡುತ್ತ ಅಳುತ್ತಿದ್ದ.

ವ್ಯಾನಿನ ಹಿಂದೆ ಕಾರು ಓಡಿಸುತ್ತ ತಮ್ಮ ಮಾತು ತೆಗೆದ. "ಅಣ್ಣ, ಈ ಹೊತ್ತಲ್ಲಿ ಹೇಳಬಾರದು."

"ಹೇಳಬಾರದು ಅಂದಮೇಲೆ ಹೇಳೇ ಹೇಳ್ತೀಯ. ಹೇಳು."

"ಅತ್ತಿಗೆ ಆ ಮೆಕ್ಯಾನಿಕ್ ಸ್ಕೂಟರ್ ಹಿಂದೆ ಕೂತು ಹೋಗೋದನ್ನ ನನ್ನ ಫೋಟೋ ಸ್ಟುಡಿಯೋದಿಂದ ನೋಡಿದೀನಿ. ಒಂದ್ಸಲ ಅಲ್ಲ."

"ಡಬ್ಬಿ ಹುಡುಕೋ ಸಂಘ ಇತ್ತಲ್ಲ. ಭಾನುವಾರ ಹೋಗ್ತಿದ್ಲು."

"ಭಾನುವಾರ ನಾನು ಸ್ಟುಡಿಯೋ ತೆಗೆಯಲ್ಲ ಅಣ್ಣ. ನೋಡಿದ್ದು ಬುಧವಾರ."

ಬುಧವಾರ ಆಕೆ ಹಳೆಯ ಸಹೋದ್ಯೋಗಿಗಳ ಜೊತೆ ಊಟಕ್ಕೆ ಹೋಗುತ್ತಿದ್ದಳು. ಹಾಗೆಂದು ಹೇಳುತ್ತಿದ್ದಳು. ನಿನ್ನೆಯೂ ಹೇಳಿಯೇ ಹೋದದ್ದು. ಮಧ್ಯಾಹ್ನ ಫೋನು ಬಂದದ್ದು ಮಾತ್ರ ಊರಾಚೆಯ ಗುಡ್ಡದಿಂದ, ಈ ಮೆಕ್ಯಾನಿಕ್‌ನಿಂದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೃದಯ ನಿಂತಿದೆ ಎಂದರು ಡಾಕ್ಟರು. ಆಕೆ ಗುಡ್ಡದಲ್ಲಿ ಯಾಕಿದ್ದಳೆಂದು ಹೇಳುವುದು ಡಾಕ್ಟರ ಕೆಲಸವಲ್ಲ.

"ನಗೋ ಹೆಂಗಸನ್ನ, ಅಳೋ ಗಂಡಸನ್ನ ನಂಬಬಾರದು ಅಂತಾರೆ," ಎಂದ ತಮ್ಮ.

"ಅವಳು ನಗ್ತಿದ್ಲು," ಎಂದರು ತಪಾಸಕರು. "ಯಾವಾಗ್ಲೂ ನಗ್ತಿದ್ಲು."

*

ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರ್ ಕೆಲಸದಿಂದ ನಿವೃತ್ತಳಾದ ವರ್ಷ ಆಕೆ ಈ ಆಟ ಹಿಡಿದುಕೊಂಡಳು. ಒಬ್ಬರು ಒಂದು ಪುಟ್ಟ ಡಬ್ಬಿಯನ್ನು ಬಯಲಲ್ಲೋ ಸೇತುವೆಯಡಿಯೋ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಎಲ್ಲರಿಗೂ ಕಾಣುವಂತೆ ಫೋನಿನಲ್ಲಿ ಹಾಕುತ್ತಾರೆ. ಉಳಿದವರು ಅದನ್ನು ಹಿಡಿದು ಹುಡುಕುತ್ತಾರೆ. ಸಿಕ್ಕರೆ ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ಅಷ್ಟೇ. ಮೊದಲು ಮೂವರಿದ್ದರು. ಆಕೆ ಗ್ರಂಥಾಲಯದ ಗೋಡೆಗೆ ಚೀಟಿ ಅಂಟಿಸಿ, ಸಿಕ್ಕಸಿಕ್ಕವರಿಗೆ ಫೋನು ಮಾಡಿ ಸಂಘ ಕಟ್ಟಿದಳು.

ಮೊದಲ ವರ್ಷವೇ ಪಾದಚಾರಿ ಸೇತುವೆಯಡಿ ಇಟ್ಟ ಡಬ್ಬಿಯನ್ನು ಕಂಡ ಕಾವಲುಗಾರ ಬಾಂಬೆಂದು ಪೊಲೀಸರನ್ನು ಕರೆದ. ರಸ್ತೆ ಖಾಲಿಯಾಯಿತು. ಹಗ್ಗ ಕಟ್ಟಿದರು. ಆಕೆ ಹಗ್ಗದಡಿ ನುಸುಳಿ ಹೋಗಿ, ಎಲ್ಲರೂ ಕೂಗುತ್ತಿದ್ದಂತೆ ಮುಚ್ಚಳ ತೆಗೆದಳು. ಒಂದು ಸೀಟಿ, ಎರಡು ಗೋಲಿ, ಒಂದು ಚೀಟಿ.

ಠಾಣೆಯಿಂದ ಹೆಂಡತಿಯನ್ನು ಬಿಡಿಸಿಕೊಂಡು ಬರಲು ಹೋದ ತಪಾಸಕರ ಎದುರಿಗೇ ಇನ್‌ಸ್ಪೆಕ್ಟರ್ ಕೇಳಿದ್ದ: "ಬೆಲೆಬಾಳೋದು ಏನೂ ಇಲ್ವಲ್ಲಮ್ಮ. ಮತ್ತೆ ಯಾಕೆ ಬಚ್ಚಿಡ್ತೀರಿ?"

"ಹುಡುಕೋಕೆ ಸಾರ್."

"ಯಾಕೆ ಹುಡುಕ್ತೀರಿ?"

"ಬಚ್ಚಿಟ್ಟಿದಾರಲ್ಲ ಸಾರ್."

ಮನೆಗೆ ಬಂದ ಮೇಲೆ ತಪಾಸಕರೂ ಅದೇ ಪ್ರಶ್ನೆ ಕೇಳಿದರು. ಅವರಿಗೆ ಸಿಕ್ಕಿದ್ದೂ ಅದೇ ಉತ್ತರ, ಜೊತೆಗೊಂದು ನಗು. "ನೀವೂ ಬನ್ನಿ ಒಂದಿನ" ಎಂದು ಕರೆದಳು. ಬಚ್ಚಿಟ್ಟದ್ದನ್ನು ಹುಡುಕುವುದು ನನಗೆ ಆಟವಲ್ಲ, ಹೊಟ್ಟೆಪಾಡು ಎಂದು ಅವರು ಹೋಗಲಿಲ್ಲ.

*

ವಿದ್ಯುತ್ ಚಿತಾಗಾರದ ಹೊರಗಿನ ಸಿಮೆಂಟು ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದಾಗ ಸಂಘದ ಹಲ್ಲಿನ ಡಾಕ್ಟರಮ್ಮ ಬಂದು ಪಕ್ಕ ಕೂತರು.

"ಅಕ್ಕ ಇಲ್ದೆ ಸಂಘ ಹೇಗೆ ನಡೆಯುತ್ತೋ. ನಾವೆಲ್ಲ ಫೋನ್ ನೋಡ್ಕೊಂಡು ಮುಗ್ಗರಿಸ್ತಿದ್ವಿ. ಅವರು ಫೋನ್ ಹೊರಗೇ ತೆಗೀತಿರ್ಲಿಲ್ಲ. ಮುಂದೆ ನಡೆದುಬಿಡೋರು. ಹಿಂದೆ ಯಾರಾದ್ರೂ ಕೆಮ್ಮಿದ್ರೆ ತಿರುಗದೇನೇ ಹೆಸರು ಹಿಡಿದು ಕರೆಯೋರು. ಎಲ್ಲ ಕಾಡೂ ಅಂಗೈ ರೇಖೆ ಥರ ಗೊತ್ತಿತ್ತು."

"ಬುಧವಾರ ಯಾರ್ಯಾರು ಹೋಗ್ತಿದ್ರಿ?" ತಪಾಸಕರದು ಬಸ್ಸಿನಲ್ಲಿ ಟಿಕೆಟ್ ಕೇಳುವ ಧ್ವನಿಯಾಗಿತ್ತು.

"ಬುಧವಾರ? ನಮ್ಮದು ಭಾನುವಾರ ಮಾತ್ರ." ಡಾಕ್ಟರಮ್ಮ ಅವರ ಮುಖ ನೋಡಿದರು, ದೂರದಲ್ಲಿದ್ದ ಮೆಕ್ಯಾನಿಕ್‌ನನ್ನು ನೋಡಿದರು, ಚೀಲದಲ್ಲಿ ಏನನ್ನೋ ಹುಡುಕತೊಡಗಿದರು.

ತಪಾಸಕರು ಎದ್ದರು. ಮೆಕ್ಯಾನಿಕ್ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದ.

"ಬುಧವಾರ ನನ್ನ ಹೆಂಡ್ತೀನ ಎಲ್ಲಿಗೆ ಕರ್ಕೊಂಡು ಹೋಗ್ತಿದ್ದೆ?"

ಮೆಕ್ಯಾನಿಕ್ ನಲ್ಲಿ ನಿಲ್ಲಿಸಿದ. "ಹೇಳಲ್ಲ ಅಂತ ಅಕ್ಕನಿಗೆ ಮಾತು ಕೊಟ್ಟಿದೀನಿ ಸಾರ್."

"ಅಕ್ಕ ಅನ್ನೋದೊಂದು ಚೆನ್ನಾಗಿ ಸಿಕ್ಕಿದೆ ನಿಂಗೆ. ಒಳಗೆ ಇನ್ನೂ ಅವಳಿದಾಳೆ. ಸುಡೋಕೆ ಮುಂಚೆ ಹೇಳು."

ಅವನು ಅಂಗಿಯ ತೋಳಿಂದ ಮುಖ ಒರೆಸಿಕೊಂಡ. ಆಮೇಲೆ ಮೊದಲ ಬಾರಿಗೆ ನೇರವಾಗಿ ನೋಡಿದ.

"ಅಕ್ಕನಿಗೆ ಕಣ್ಣು ಕಾಣ್ತಿರ್ಲಿಲ್ಲ ಸಾರ್."

*

ಒಂದು ವರ್ಷದ ಹಿಂದೆ ಕಣ್ಣಿನ ಆಸ್ಪತ್ರೆಯ ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತ್ತು. ಬಾಗಿಲು ಬಿಡಿಸಿ, ಒಳಗೆ ಸಿಕ್ಕಿಕೊಂಡಿದ್ದ ಹೆಂಗಸಿಗೆ ಕೈ ಚಾಚಿದ ಮೆಕ್ಯಾನಿಕ್‌ಗೆ ತನ್ನ ಸಂಘದ ಡಬ್ಬಿ ಅಕ್ಕ ಕಂಡಳು. ಆಕೆಗೆ ಅವನ ಕೈ ಕಾಣಲಿಲ್ಲ. ಗಾಳಿಯಲ್ಲಿ ತಡಕಿದಳು.

ಹೊರಗೆ ಕೂತ ಮೇಲೆ ಹೇಳಿದಳು. ಎರಡೂ ಕಣ್ಣಿನ ನಡುಭಾಗ ಹೋಗಿದೆ. ಅಂಚಲ್ಲಿ ಮಾತ್ರ ಮಬ್ಬುಮಬ್ಬು. ಸರಿಯಾಗುವುದಲ್ಲ.

"ಮನೇಲಿ ಹೇಳಿ ಅಕ್ಕ."

"ನಮ್ಮನೆಯವರಿಗಾ? ನಾಳೆಯಿಂದಲೇ ತಪಾಸಣೆ ಶುರು ಆಗುತ್ತೆ. ಲೋಟ ಎತ್ತಿದ್ರೆ ನೋಡ್ತಾರೆ, ಮೆಟ್ಟಿಲಿಳಿದ್ರೆ ನೋಡ್ತಾರೆ. ಪ್ರೀತಿಯಿಂದಾನೇ. ಆ ಪ್ರೀತಿಯಿಂದಾನೇ ಭಾನುವಾರ ಬಾಗಿಲಿಗೆ ಚಿಲಕ ಹಾಕ್ತಾರೆ."

"ಸಂಘದಲ್ಲಾದ್ರೂ..."

"ದಾರಿ ತೋರಿಸೋಳಿಗೇ ದಾರಿ ಕಾಣಲ್ಲ ಅಂದ್ರೆ ಯಾರು ಬರ್ತಾರೋ?" ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ನಿಂಗೆ ವಾರದ ನಡುವೆ ಒಂದಿನ ರಜಾ ಇರುತ್ತಲ್ಲ, ಯಾವತ್ತು?"

"ಬುಧವಾರ."

*

"ಭಾನುವಾರ ಹೋಗಬೇಕಾದ ದಾರೀಲಿ ಬುಧವಾರ ನಾವಿಬ್ಬರೇ ಹೋಗ್ತಿದ್ವಿ," ಎಂದ ಮೆಕ್ಯಾನಿಕ್. "ಎಲ್ಲಿ ಕಲ್ಲು, ಎಲ್ಲಿ ತಗ್ಗು ಅಂತ ನಾನು ಹೇಳೋದು, ಅವರು ಬಾಯಿಪಾಠ ಮಾಡೋದು. ಟೆಲಿಫೋನಿನವರಲ್ವಾ, ಒಂದ್ಸಲ ಕೇಳಿದ್ರೆ ಸಾಕು. ಭಾನುವಾರ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಸುಳ್ಳು," ಎಂದರು ತಪಾಸಕರು. "ಒಂದೇ ಮನೇಲಿದ್ದೋನು ನಾನು."

ಆದರೆ ಮಾತು ಮುಗಿಯುವ ಮೊದಲೇ ಬೆಳಗಿನ ಪೇಪರು ನೆನಪಾಯಿತು. ವರ್ಷದ ಹಿಂದೆ ಒಂದು ದಿನ ಆಕೆ ಪೇಪರು ಮಡಚಿ ಅವರ ಕೈಗಿತ್ತು, "ನೀವು ಓದಿ, ನಿಮ್ಮ ಧ್ವನಿ ಚೆನ್ನಾಗಿದೆ" ಎಂದಿದ್ದಳು. ಅಂದಿನಿಂದ ಅವರು ದಿನಾ ಓದಿದರು. ಧ್ವನಿ ಚೆನ್ನಾಗಿದೆ ಎಂದು ನಂಬಿ, ಗಂಟಲು ಸರಿಮಾಡಿಕೊಂಡು, ಬೆಲೆಯೇರಿಕೆಯನ್ನೂ ನಾಟಕದ ಹಾಗೆ ಓದಿದರು. ಟಿಕೆಟ್ ಇಲ್ಲದವನನ್ನು ತುಂಬಿದ ಬಸ್ಸಿನಲ್ಲಿ ಬಾಗಿಲಿಂದಲೇ ಹಿಡಿಯುತ್ತಿದ್ದವರ ಎದುರು ಕೂತು ಒಬ್ಬಳು ವರ್ಷವಿಡೀ ಕಣ್ಣಿಲ್ಲದೆ ಪ್ರಯಾಣ ಮಾಡಿದ್ದಳು.

ಒಳಗಿನಿಂದ ಕರೆ ಬಂತು. ತಪಾಸಕರು ಹೋದರು, ಮಾಡಬೇಕಾದ್ದನ್ನು ಮಾಡಿದರು. ಕಬ್ಬಿಣದ ಬಾಗಿಲು ಮುಚ್ಚಿಕೊಂಡಿತು.

ಹೊರಬಂದಾಗ ಕಾರಿನ ಬಾಗಿಲು ತೆಗೆದು ತಮ್ಮ ನಿಂತಿದ್ದ. ತಪಾಸಕರು ಅವನನ್ನು ದಾಟಿ ಸ್ಕೂಟರಿನ ಬಳಿಗೆ ಹೋದರು.

"ಕತೆ ಚೆನ್ನಾಗಿ ಕಟ್ಟಿದೀಯ," ಎಂದರು ಮೆಕ್ಯಾನಿಕ್‌ಗೆ. "ನಿಜವಾದ್ರೆ ನಿನ್ನೆಯ ಆ ದಾರಿ ತೋರಿಸು."

"ಈಗಲಾ ಸಾರ್?"

"ಈಗಲೇ. ಯೋಚನೆ ಮಾಡೋಕೆ ಟೈಮ್ ಕೊಡಲ್ಲ ನಾನು."

"ಅಣ್ಣ, ಇವನ ಜೊತೆ ಒಬ್ಬನೇ..." ಎಂದು ತಮ್ಮ ಓಡಿ ಬಂದ. ಸ್ಕೂಟರು ಅಷ್ಟರಲ್ಲಿ ಗೇಟು ದಾಟಿತ್ತು.

ನೀರಿನ ಟ್ಯಾಂಕಿನ ಹಿಂದೆ ಗುಡ್ಡ ಶುರುವಾಗುತ್ತಿತ್ತು. ಒಬ್ಬರು ನಡೆಯುವಷ್ಟೇ ಅಗಲದ ದಾರಿ. ಬಿಸಿಲು ಇಳಿಯುತ್ತಿತ್ತು. ಮೆಕ್ಯಾನಿಕ್ ಮುಂದೆ, ತಪಾಸಕರು ಹಿಂದೆ. ಅವನ ಬೆನ್ನನ್ನೇ ನೋಡುತ್ತ, ಎಲ್ಲಿ ತಡವರಿಸುತ್ತಾನೆಂದು ಕಾಯುತ್ತ ನಡೆದರು. ಮೊದಲ ಏರು ಬರುತ್ತಲೇ ಅವನು ಹಿಂದೆ ತಿರುಗದೆ ಮೆಲ್ಲಗೆ ಹೇಳಿದ:

"ಎಡಕ್ಕೆ ಬೇರು. ಎತ್ತಿ ಇಡಿ. ಈಗ ಮಣ್ಣು, ಜಾರುತ್ತೆ. ತಲೆ ಬಗ್ಗಿಸಿ, ಕೊಂಬೆ."

"ನಂಗೆ ಕಣ್ಣು ಕಾಣುತ್ತಯ್ಯ."

ಮೆಕ್ಯಾನಿಕ್ ಗಕ್ಕನೆ ನಿಂತ. "ತಪ್ಪಾಯ್ತು ಸಾರ್. ಈ ದಾರೀಲಿ ಕಾಲಿಟ್ಟರೆ ಬಾಯಿ ತಾನಾಗೇ..." ಮತ್ತೆ ನಡೆಯತೊಡಗಿದ, ಈ ಸಲ ತುಟಿ ಬಿಗಿಹಿಡಿದು.

ಒಣಗಿದ ಎಲೆಗಳನ್ನು ತುಳಿಯುತ್ತ ಸ್ವಲ್ಪ ದೂರ ಹೋದರು.

"ಯಾಕೆ ಸುಮ್ಮನಾದೆ?" ಎಂದರು ತಪಾಸಕರು. "ಅವಳಿಗೆ ಹೇಳ್ತಿದ್ದ ಹಾಗೇ ಹೇಳು. ಒಂದೂ ಬಿಡಬೇಡ."

ಮೆಕ್ಯಾನಿಕ್ ಎರಡು ಹೆಜ್ಜೆ ಮುಂದೆ ಹೋಗಿ ನಿಂತ. "ಮುಂದೆ ಬಂಡೆ. ಮೊಣಕಾಲೆತ್ತರ. ಬಲಗಾಲು ಮೊದಲು."

ತಪಾಸಕರು ಕಣ್ಣು ಮುಚ್ಚಿಕೊಂಡರು. ಬಲಗಾಲನ್ನು ಎತ್ತಿ, ಗಾಳಿಯಲ್ಲಿ ಬಂಡೆಯನ್ನು ತಡಕತೊಡಗಿದರು.