ಕೂಗದ ಹೆಸರು

ಮಕ್ಕಳನ್ನು ಕೊತ್ತತ್ತಿಯಲ್ಲಿ ಅತ್ತೆಯ ಬಳಿ ಬಿಟ್ಟು, ದಸರೆಯ ದೀಪ ನೋಡಲೆಂದು ಪುಟ್ಟಮಾದಮ್ಮ ಗಂಡನ ಜೊತೆ ಮೈಸೂರಿಗೆ ಬಂದಿದ್ದಳು. ಅರಮನೆಯ ದೀಪಗಳು ಒಮ್ಮೆಲೇ ಹತ್ತಿದಾಗ ನಕ್ಷತ್ರಗಳೆಲ್ಲ ಇಳಿದು ಗೋಡೆಯ ಮೇಲೆ ಕೂತಂತಾಗಿ ಮೈಮರೆತು ನಿಂತುಬಿಟ್ಟಳು. ಕಣ್ಣು ಹೊರಳಿಸಿದರೆ ಪಕ್ಕದಲ್ಲಿ ಗಂಡನಿಲ್ಲ.

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದುಂಟೆ? ಮನೆಯಲ್ಲಿ ಅವನನ್ನು ಕರೆಯುವಂತೆಯೇ ಮಗಳ ಹೆಸರು ಹಿಡಿದು, "ಚೆನ್ನಾಜೀ, ಏ ಚೆನ್ನಾಜೀ" ಎಂದು ಕೂಗಿದಳು. ಪಾಪ, ಕೂಸು ಕಳೆದಿದೆಯೆಂದು ಸುತ್ತಲಿನವರೆಲ್ಲ ಬಗ್ಗಿ ಕಾಲ ಬುಡದಲ್ಲಿ ಹುಡುಕತೊಡಗಿದರು. ಅವರ ನಡುವಿನಿಂದ ಗಿರಿಜಾಮೀಸೆಯ ಗಂಡ ಮಲ್ಲಿಗೆ ಹಿಡಿದು ಬಂದ.

"ಇಲ್ಲೇ ಇವ್ನಿ ಕಣಮ್ಮಿ. ಮಕ್ಳಿಲ್ದಾಗ್ಲಾದ್ರೂ ನನ್ ಎಸ್ರು ಕೂಗ್ಬಾರ್ದಾ?"

"ಸುಮ್ಕಿರಿ," ಎಂದಳು.

ದೀಪಗಳೆಲ್ಲ ಆರಿ ಜನ ಹೋ ಎಂದಾಗ, ಆ ಕತ್ತಲಲ್ಲಿ ಅವನ ಕಿವಿಯ ಹತ್ತಿರ ಬಾಗಿದಳು.

"ಕರಿಸಿದ್ದಯ್ಯ."